ಹತ್ತು ನಿಮಿಷದ ಪೆಟ್ಟಿಗೆ

ಗೂಡಲೂರು
11 ಜುಲೈ 2002

ಜೀವಿತಾ,

ಆಶೀರ್ವಾದ ಎಲ್ಲ ಆಮೇಲೆ. ಮೊದಲು ಇದನ್ನ ಕೂತ್ಕೊಂಡು ಓದು.

ನಿನ್ನ ಪೆಟ್ಟಿಗೆ ಮೊನ್ನೆ ಮಂಗಳವಾರ ಒಂದು ಟ್ರಫ್ ಟೀ ಎಲೆ ಹಾಳು ಮಾಡ್ತು. ಎಂಬತ್ತು ಅಡಿ ಉದ್ದದ ಜಾಲರಿ ತೊಟ್ಟಿ ತುಂಬ ಹಾಸಿದ ಎಲೆ, ಬಾಡಬೇಕಾದ್ದು ಹಪ್ಪಳದ ಹಾಗೆ ಒಣಗಿ ಪುಡಿಪುಡಿ ಆಯ್ತು. ಮೂವತ್ತು ಮನೆಯೋರು ಮಳೇಲಿ ನೆನೆದು ಕಿತ್ತು ತಂದ ಎಲೆ ಅದು. ಹಾಳು ಮಾಡಿದ್ದು ಪೆಟ್ಟಿಗೆ, ಹೆಸರು ಬಂದಿದ್ದು ನನಗೆ.

ನಡೆದದ್ದು ನಡೆದ ಹಾಗೆ ಹೇಳ್ತೀನಿ. ಎಲೆ ತೊಪ್ಪೆ ಆಗಿತ್ತು, ಅದಕ್ಕೆ ನಾಲ್ಕೂವರೆಗೆ ಒಂದು ಸಲ ಪೆಟ್ಟಿಗೆ ಗುಂಡಿ ಒತ್ತಿದೆ. ಬಿಸಿಗಾಳಿ ಬಂತು, ಹತ್ತು ನಿಮಿಷಕ್ಕೆ ನಿಂತ್ಕೊಂತು, ಕೆಂಪು ದೀಪ ಆರಿದ್ದನ್ನ ಕಣ್ಣಾರೆ ನೋಡಿದೆ. ಆಮೇಲೆ ಹಿಂದಿನ ಟ್ರಫ್‌ಗೆ ಎಲೆ ಹರಡಕ್ಕೆ ಹೋದೆ. ಆರು ಗಂಟೆ ಹೊತ್ತಿಗೆ ಹುರಿದ ಹಾಗೆ ವಾಸನೆ. ಹದಿಮೂರು ವರ್ಷ ಆ ಟ್ರಫ್ ಮುಂದೆ ನಿಂತ ಮೂಗು ಇದು, ಯಾರ ಹತ್ರಾನೂ ಕೇಳಬೇಕಾಗಿಲ್ಲ. ಓಡಿ ಬಂದು ನೋಡಿದ್ರೆ ದೀಪ ಉರೀತಾ ಇದೆ, ಬಿಸಿಗಾಳಿ ಬುಸುಬುಸು ಅಂತಿದೆ. ನಾನು ಗುಂಡಿ ಮುಟ್ಟೇ ಇರಲಿಲ್ಲ.

ಭೋಜನ್ ಮೇಸ್ತ್ರಿ ಹತ್ರ ಹೋಗಿ ಮೈನ್ ಸ್ವಿಚ್ ತೆಗೆಯಪ್ಪ, ಎಲೆ ಹೋಗ್ತಾ ಇದೆ ಅಂದೆ. ಮೈನ್ ಬೀಗದ ಕೈ ಅವನ ಸೊಂಟದಲ್ಲಿರತ್ತೆ. ಅವನು ಕುರ್ಚಿ ಬಿಟ್ಟು ಏಳಲಿಲ್ಲ. "ಹತ್ತು ನಿಮಿಷಕ್ಕೆ ಅದೇ ನಿಲ್ಲತ್ತೆ ಕಮಲಕ್ಕಾ, ಕಂಪ್ಯೂಟರಲ್ಲಿ ಟೆಸ್ಟ್ ಆಗಿರೋದು, ಪೆಟ್ಟಿಗೆ ತಂಟೆಗೆ ಹೋಗಬೇಡ ಅಂತ ಮ್ಯಾನೇಜರ್ ಆರ್ಡರ್ ಇದೆ" ಅಂದ. ಮೂರು ಸಲ ಹೋದೆ. ಮೂರನೇ ಸಲ, ನಿನ್ನ ಅಣ್ಣನ ಮಗಳು ಮಾಡಿದ್ದನ್ನ ನೀನೇ ನಂಬಲ್ವಾ ಅಂತ ನಕ್ಕ. ಆವತ್ತು ರಸ್ತೇಗೆ ಮರ ಬಿದ್ದು ಲಾರಿ ತಡ, ಎಲೆ ಕೀಳೋ ಹೆಂಗಸರೆಲ್ಲ ಜಗುಲೀಲಿ ನಡುಗ್ತಾ ನಿಂತಿದ್ರು. ಏಳೂವರೆಗೆ ಲಾರಿ ಬಂದು ಅವರು ಹೊರಟರು, ಅದೇ ಹೊತ್ತಿಗೆ ಬಿಸಿಗಾಳೀನೂ ನಿಂತ್ಕೊಂತು. ಆಮೇಲೆ ಬಂದ ಭೋಜನ್, ಆರಿರೋ ದೀಪ ತೋರಿಸಿ, ಸರಿಯಾಗೇ ಇದೆಯಲ್ಲ, ನೀನೇ ಹತ್ತು ನಿಮಿಷಕ್ಕೊಂದು ಸಲ ಒತ್ತಿದೀಯ ಅಂದ.

ಮ್ಯಾನೇಜರ್ ರಾಜೇಂದ್ರನ್ ಅವರೂ ಅದನ್ನೇ ಅಂದ್ರು. ನೀನು ಕೊಟ್ಟಿದ್ದೆಯಲ್ಲ, ಗೆರೆ ಏರಿ ಇಳಿಯೋ ಆ ಕಂಪ್ಯೂಟರ್ ಕಾಗದ, ಅದನ್ನ ನೋಟಿಸ್ ಬೋರ್ಡಿಗೆ ಹಾಕಿಸಿದ್ದಾರೆ. ಕೆಳಗೆ "ಯಂತ್ರದ ತಪ್ಪಲ್ಲ" ಅಂತ ಬರೆಸಿದ್ದಾರೆ. ಅಂದ್ರೆ ಯಾರ ತಪ್ಪು ಅಂತ ಬಿಡಿಸಿ ಹೇಳಬೇಕಾ? ನಿನ್ನ ಪೆಟ್ಟಿಗೆ ಇಡಿಸಿಕೊಳ್ಳಿ ಸಾರ್, ನಮ್ಮ ಹುಡುಗಿ ಓದಿ ಮಾಡಿದ್ದು ಅಂತ ಅವರ ಮುಂದೆ ಕೈ ಕಟ್ಟಿ ನಿಂತವಳು ನಾನು.

ನಿನ್ನ ಪೆಟ್ಟಿಗೆಗೆ ಏನಾಗಿತ್ತು ಅಂತ ಬರಿ. ಕನ್ನಡದಲ್ಲೇ ಬರಿ, ನಿನ್ನ ಕಾಲೇಜಿನ ತಮಿಳು ಇಂಗ್ಲಿಷು ಗುಂಡ್ಲುಪೇಟೆ ಸ್ಕೂಲಲ್ಲಿ ಏಳನೇ ಕ್ಲಾಸು ಓದಿದೋಳಿಗೆ ಬರಲ್ಲ. ಆಶೀರ್ವಾದ ಈ ಸಲ ಇಲ್ಲ.

ನಿನ್ನತ್ತೆ
ಕಮಲಂ

*

ಕೊಯಮತ್ತೂರು
17 ಜುಲೈ 2002

ಅತ್ತೆಗೆ ನಮಸ್ಕಾರ.

ಪತ್ರ ಓದಿ ಬೇಜಾರಾಯಿತು. ಆದರೆ ನಿಜ ಹೇಳಬೇಕಲ್ಲ, ಪೆಟ್ಟಿಗೆಯಲ್ಲಿ ತಪ್ಪಿರಲು ಸಾಧ್ಯವಿಲ್ಲ.

ನಮ್ಮ ಪಾಲಿಟೆಕ್ನಿಕ್‌ನಲ್ಲಿ ಸರ್ಕ್ಯೂಟನ್ನು ಕಂಪ್ಯೂಟರಲ್ಲೇ ಜೋಡಿಸಿ ಓಡಿಸಿ ನೋಡುವ ಸಾಫ್ಟ್‌ವೇರ್ ಇದೆ. ಅದರಲ್ಲಿ ಒನ್-ಶಾಟ್ ಎನ್ನುವ ಟೈಮರ್ ಸಿಗುತ್ತದೆ. ಒಂದು ಸಲ ಒತ್ತಿದರೆ ನಾವು ಹೇಳಿದಷ್ಟು ಹೊತ್ತು ಓಡಿ ತಾನಾಗಿ ನಿಲ್ಲುವುದು ಅದರ ಕೆಲಸ. ನಾನು ಅವಧಿ ಎಂಬಲ್ಲಿ ಆರುನೂರು ಸೆಕೆಂಡ್ ತುಂಬಿದೆ, ಅಂದರೆ ಹತ್ತು ನಿಮಿಷ. ತೆರೆಯ ಮೇಲಿನ ಗುಂಡಿಯನ್ನು ಒತ್ತಿದೆ, ಗೆರೆ ಮೇಲೆದ್ದಿತು, ಆರುನೂರಕ್ಕೆ ಸರಿಯಾಗಿ ಬಿದ್ದಿತು. ಒಂದು ಸಲವಲ್ಲ, ನಲವತ್ತು ಸಲ. ಅದನ್ನು ನೋಡಿಯೇ ನಮ್ಮ ವಿಭಾಗದಲ್ಲಿ ಈ ಪ್ರಾಜೆಕ್ಟಿಗೆ ಮೊದಲ ಸ್ಥಾನ ಕೊಟ್ಟರು. ಜೂನ್‌ನಲ್ಲಿ ನಾನು ಭಾನುವಾರ ಬಂದು ಪೆಟ್ಟಿಗೆ ಕೂರಿಸಿದಾಗಲೂ ನಿನ್ನ ಮುಂದೆಯೇ ಒತ್ತಿ ತೋರಿಸಲಿಲ್ಲವೇ?

ಗಂಟೆಗಟ್ಟಲೆ ಓಡಿದೆ ಎಂದರೆ ಯಾರೋ ಮತ್ತೆ ಮತ್ತೆ ಒತ್ತಿರಬೇಕು. ಎಲೆ ತುಂಬ ಒದ್ದೆಯಿತ್ತು ಎಂದು ನೀನೇ ಬರೆದಿದ್ದೀಯ. ಅವಸರದಲ್ಲಿ ಒತ್ತಿ ಮರೆತಿರಬಹುದು. ಬೈಯಬೇಡ ಅತ್ತೆ, ವಯಸ್ಸಾದವರಿಗೆ ಹಾಗಾಗುವುದುಂಟು. ಮ್ಯಾನೇಜರ್ ಮುಂದೆ ಒಪ್ಪಿಕೊಂಡುಬಿಟ್ಟರೆ ಅವರೂ ದೊಡ್ಡದು ಮಾಡಲಾರರು.

ನಿನ್ನ
ಜೀವಿತಾ

*

ಗೂಡಲೂರು
25 ಜುಲೈ 2002

ಜೀವಿತಾ,

ನಿನಗೆ ಅ ಆ ಇ ಈ ತಿದ್ದಿಸಿದ್ದು ನಾನು. ಆ ಅಕ್ಷರದಲ್ಲೇ ನನಗೆ ವಯಸ್ಸಾಯ್ತು ಅಂತ ಬರೆದು ಕಳಿಸಿದೀಯಲ್ಲ, ಭೇಷ್.

ನನಗೆ ನಲವತ್ತೇಳು. ಯಾವ ತೋಟದ ಎಲೆ ಯಾವ ಟ್ರಫ್‌ಗೆ ಬಿತ್ತು ಅಂತ ಹೋದ ವಾರದ್ದೂ ಹೇಳ್ತೀನಿ. ಗುಂಡಿ ಒತ್ತಿ ಮರೀತೀನಾ? ಭೋಜನ್ ಅಂದ, ತಡಕೊಂಡೆ, ಅವನು ಹೊರಗಿನೋನು. ಮ್ಯಾನೇಜರ್ ಅಂದ್ರು, ಅದೂ ತಡಕೊಂಡೆ. ನೀನು ನನ್ನ ಕೈತುತ್ತು ತಿಂದವಳು. ಅತ್ತೆ ಸುಳ್ಳು ಹೇಳಲ್ಲ, ಪೆಟ್ಟಿಗೇನ ಇನ್ನೊಂದು ಸಲ ನೋಡೋಣ ಅಂತ ಒಂದೇ ಒಂದು ಘಳಿಗೆ ಅನ್ನಿಸಲಿಲ್ವಾ ನಿನಗೆ? ನಲವತ್ತು ಸಲ ಒತ್ತಿದೀಯಂತೆ. ಎಲ್ಲಿ ಒತ್ತಿದೆ? ಟ್ಯೂಬ್‌ಲೈಟ್ ಕೆಳಗೆ, ಬೆಚ್ಚಗೆ ಕೂತು.

ಒಪ್ಪಿಕೋ ಅಂತೀಯ. ಮಾಡದೆ ಇರೋದನ್ನ ಒಪ್ಪಿಕೊಳ್ಳೋದು ನಿಮ್ಮ ಕಾಲೇಜಲ್ಲಿ ಕಲಿಸ್ತಾರೇನೋ, ನಮ್ಮ ಮನೇಲಿ ಯಾರೂ ಕಲಿಸಲಿಲ್ಲ.

ಸೋಮವಾರದಿಂದ ನನ್ನನ್ನ ಟ್ರಫ್‌ನಿಂದ ತೆಗೆದು ತೋಟಕ್ಕೆ ಹಾಕಿದ್ದಾರೆ, ಎಲೆ ಕೀಳಕ್ಕೆ. ನನ್ನ ಜಾಗದಲ್ಲಿ ಈಗ ಭೋಜನ್ ತಮ್ಮ ನಿಂತಿದ್ದಾನೆ. ಬಾಡಿದ ಎಲೆಗೂ ಬೆಂದ ಎಲೆಗೂ ವ್ಯತ್ಯಾಸ ಗೊತ್ತಿಲ್ಲ ಅವನಿಗೆ. ಹದಿಮೂರು ವರ್ಷದ ಮೇಲೆ ಮತ್ತೆ ಸೊಂಟಕ್ಕೆ ಗೋಣಿತಾಟು ಕಟ್ಟಿದೀನಿ. ಗಿಡದ ಮೇಲೆ ಅಡ್ಡ ಇಟ್ಟು ಮಟ್ಟ ನೋಡೋ ಕೋಲು ನನ್ನ ಹತ್ರ ಇರಲಿಲ್ಲ, ಜೊತೇಲಿ ಎಲೆ ಕೀಳೋ ಕಾಳಿಯಮ್ಮ ತನ್ನ ಹಳೇದೊಂದು ಕೊಟ್ಲು. ಈಗ ನಾನೂ ದಿನಾ ಸಾಯಂಕಾಲ ಎಲ್ಲರ ಥರಾನೇ ಆ ಕೋಲನ್ನ ನಿನ್ನ ಪೆಟ್ಟಿಗೆ ಇರೋ ಗೋಡೆಗೆ ಒರಗಿಸಿ, ತೂಕದ ಸಾಲಲ್ಲಿ ನಿಲ್ತೀನಿ. ಒಳಗಿಂದ ನನ್ನ ಟ್ರಫ್ ವಾಸನೆ ಬರತ್ತೆ. ಅಳು ಬರಲ್ಲ, ಸಿಟ್ಟು ಬರತ್ತೆ.

ಇನ್ನು ನನಗೆ ಬರೀಬೇಡ.

ಕಮಲಂ

*

ಕೊಯಮತ್ತೂರು
9 ಆಗಸ್ಟ್ 2002

ಅತ್ತೆ,

ಬರೆಯಬೇಡ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಹರಿದು ಹಾಕುವ ಮೊದಲು ಓದು.

ತಪ್ಪು ನನ್ನದು. ನಿನ್ನದಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ.

ನಿನ್ನ ಪತ್ರ ಓದಿ ನನಗೂ ಕೋಪ ಬಂದಿತ್ತು, ಎರಡು ದಿನ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದೆ. ಆಮೇಲೆ ಮತ್ತೆ ಓದಿದಾಗ ಆ ಕೋಲಿನ ಮಾತು ಕಣ್ಣಿಗೆ ಬಿತ್ತು. ಗೋಡೆಗೆ ಕೋಲು ಒರಗಿಸುತ್ತೀರಿ ಎಂದು ನನಗೆ ಗೊತ್ತೇ ಇರಲಿಲ್ಲ ಅತ್ತೆ. ನಾನು ಬಂದಿದ್ದು ಭಾನುವಾರ, ತೋಟಕ್ಕೆ ರಜೆ. ಗೋಡೆ ಖಾಲಿ ಇತ್ತು. ಜಾಗ ಚೆನ್ನಾಗಿದೆ, ಬಾಗಿಲಿಗೂ ಹತ್ತಿರ ಎಂದು ಅಲ್ಲೇ ಮೊಳೆ ಹೊಡೆಸಿದೆ. ನಿನ್ನ ಒದ್ದೆ ಕೈಗೆ ಸುಲಭವಾಗಲಿ ಎಂದು ಅಣಬೆಯಷ್ಟು ದೊಡ್ಡ ಗುಂಡಿ ಹುಡುಕಿ ತಂದು ಹಾಕಿದ್ದೆ.

ಮರುದಿನ ಲ್ಯಾಬಿಗೆ ಹೋಗಿ ಅಂಥದೇ ಇನ್ನೊಂದು ಪೆಟ್ಟಿಗೆ ಜೋಡಿಸಿದೆ. ಗುಂಡಿಯನ್ನು ಬೆರಳಿನಿಂದ ಒತ್ತಿ ಬಿಡಲಿಲ್ಲ, ಮೇಲೆ ಒಂದು ಕಬ್ಬಿಣದ ತೂಕ ಇಟ್ಟು ಕೂತೆ. ಹತ್ತು ನಿಮಿಷವಾಯಿತು, ದೀಪ ಆರಲಿಲ್ಲ. ಇಪ್ಪತ್ತಾಯಿತು. ಒಂದು ತರಗತಿ ಮುಗಿದು ಬೆಲ್ ಹೊಡೆಯಿತು, ಆಗಲೂ ಉರಿಯುತ್ತಿತ್ತು. ತೂಕ ಎತ್ತಿದೆ. ತಕ್ಷಣ ಆರಿತು. ಏಳೂವರೆಗೆ ಲಾರಿ ಬಂದು ಹೆಂಗಸರು ಕೋಲು ಎತ್ತಿಕೊಂಡು ಹೋದ ಹೊತ್ತಿಗೆ ಬಿಸಿಗಾಳಿ ನಿಂತದ್ದು ಹೀಗೆ.

ಆಮೇಲೆ ಅದನ್ನೇ ಸಾಫ್ಟ್‌ವೇರಿನಲ್ಲಿ ಮಾಡಿದೆ. ಅಲ್ಲಿ ಗುಂಡಿಯನ್ನು ಒತ್ತಿ ಹಿಡಿದೇ ಇದ್ದರೂ ಗೆರೆ ಆರುನೂರಕ್ಕೆ ಬೀಳುತ್ತದೆ. ಅಲ್ಲಿನ ಒನ್-ಶಾಟ್ ಗುಂಡಿ ಒತ್ತಿದ ಕ್ಷಣವನ್ನು ಮಾತ್ರ ನೋಡುತ್ತದೆ, ಕೈ ಎಷ್ಟು ಹೊತ್ತು ಅಲ್ಲೇ ಇತ್ತು ಎಂದು ನೋಡುವುದಿಲ್ಲ. ನಾನು ಪೆಟ್ಟಿಗೆಗೆ ಹಾಕಿದ ಎಂಟು ಕಾಲಿನ ಟೈಮರ್ ಚಿಪ್ ಹಾಗಲ್ಲ. ಗುಂಡಿ ಒತ್ತಿಯೇ ಇರುವವರೆಗೂ ಅದು ಓಡುತ್ತಲೇ ಇರುತ್ತದೆ. ಹೆಸರು ಎರಡಕ್ಕೂ ಒಂದೇ ಎಂದು ಗುಣವೂ ಒಂದೇ ಅಂದುಕೊಂಡೆ. ಗುಂಡಿಗೂ ಚಿಪ್ಪಿಗೂ ನಡುವೆ ಬೆರಳುಗುರಿನಷ್ಟು ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಹಾಕಿದ್ದರೆ ಈ ಅನಾಹುತವೇ ಇರುತ್ತಿರಲಿಲ್ಲ. ಪುಸ್ತಕದಲ್ಲಿ ಇದೆ. ನಾನು ಆ ಪುಟ ಓದಿರಲಿಲ್ಲ, ಸಾಫ್ಟ್‌ವೇರ್ ಇದೆಯಲ್ಲ ಎಂದು.

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಮೊದಲ ಸ್ಥಾನ ವಾಪಸ್, ಪ್ರಾಜೆಕ್ಟ್ ಮತ್ತೆ ಮಾಡಬೇಕು. ಅದು ಇರಲಿ. ನಿಮ್ಮ ಮ್ಯಾನೇಜರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಇವತ್ತೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಯಾರೋ ಕೆಲಸದವರು ಗೋಡೆಗೆ ಒರಗಿಸಿದ ಕೋಲು ಗುಂಡಿಯನ್ನು ಒತ್ತಿ ಹಿಡಿದಿರಬೇಕು, ಕಮಲಂ ಅವರ ತಪ್ಪು ಏನೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ನಿನ್ನ ಜಾಗ ನಿನಗೆ ಬಂದೇ ಬರುತ್ತದೆ.

ವಯಸ್ಸಿನ ಮಾತು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ.

ಜೀವಿತಾ

*

ಗೂಡಲೂರು
21 ಆಗಸ್ಟ್ 2002

ಜೀವಿತಾ,

ಕಾಗದ ಹರೀಲಿಲ್ಲ. ಎರಡು ಸಲ ಓದಿದೆ. ಒಪ್ಪಿಕೊಂಡಿದೀಯ, ಅದು ನಮ್ಮ ಮನೆ ಹುಡುಗಿ ಮಾಡೋ ಕೆಲಸ. ಆದ್ರೆ ಮ್ಯಾನೇಜರಿಗೆ ಬರೆದ ಕಾಗದದಲ್ಲಿ ಒಂದು ಮಾತು ಬರೆದೆಯಲ್ಲ, "ಯಾರೋ ಕೆಲಸದವರು" ಅಂತ, ಅದು ಏನು ಮಾಡ್ತು ಗೊತ್ತಾ?

ಹೋದ ಶನಿವಾರ ನನ್ನನ್ನ ಆಫೀಸಿಗೆ ಕರೆಸಿದ್ರು. ಕೂತ್ಕೋ ಕಮಲಂ ಅಂದ್ರು. ಹದಿಮೂರು ವರ್ಷದಲ್ಲಿ ಅದೇ ಮೊದಲು ಕೂತ್ಕೋ ಅಂದಿದ್ದು, ಆಗಲೇ ನನಗೆ ಅನುಮಾನ ಬಂತು. ನಿನ್ನ ತಪ್ಪಿಲ್ಲ ಅಂತ ಕಾಗದ ಬಂದಿದೆ, ಸಂತೋಷ, ಟ್ರಫ್‌ಗೆ ವಾಪಸ್ ಬಾ ಅಂದ್ರು. ಆಮೇಲೆ ಬಂತು ನೋಡು. "ಕೋಲು ಯಾರದು? ಆ ಹೆಸರು ಹೇಳು, ಸೋಮವಾರದಿಂದ ನಿನ್ನ ಜಾಗ ನಿನಗೆ." ಆ ಹೆಂಗಸಿನ ಮೇಲೆ ಕ್ರಮ ತಗೋಬೇಕಂತೆ.

ಪೆಟ್ಟಿಗೆ ತಪ್ಪು ಅಂತ ಕಾಗದ ಹೇಳ್ತಾ ಇದೆ, ಸಹಿ ಇದೆ. ಮೂರು ಸಲ ಹೇಳಿದ್ರೂ ಮೈನ್ ತೆಗೀದೆ ಇದ್ದ ಭೋಜನ್ ಕಣ್ಣ ಮುಂದೆ ನಿಂತಿದ್ದಾನೆ. ಮುಟ್ಟಬೇಡಿ ಅಂತ ಆರ್ಡರ್ ಹಾಕಿದ ಯಜಮಾನರು ಕುರ್ಚೀಲಿ ಕೂತಿದ್ದಾರೆ. ಇಷ್ಟು ಜನ ಇದ್ರೂ ಅವರಿಗೆ ಬೇಕಾಗಿದ್ದು ಮಳೇಲಿ ನೆನಕೊಂಡು ಬಂದು ಕೋಲು ಒರಗಿಸಿದ ಒಬ್ಬ ಹೆಂಗಸು.

ಆ ಗೋಡೆಗೆ ಕೋಲು ಒರಗಿಸೋದು ಇವತ್ತು ನಿನ್ನೇದಲ್ಲ. ತೂಕದ ಹತ್ರ ಕೋಲು ತರಬಾರದು ಅಂತ ಇದೇ ಫ್ಯಾಕ್ಟ್ರಿಯೋರು ರೂಲ್ ಮಾಡಿದ್ರು, ಅದಕ್ಕೆ ಅಲ್ಲಿಡೋದು. ಅಷ್ಟೊಂದು ಕೋಲಿನ ಮಧ್ಯೆ ಒಂದು ಗುಂಡಿ ಮೇಲೆ ಒರಗಿರೋದು ಆವತ್ತು ನನ್ನ ಕಣ್ಣಿಗೂ ಬೀಳಲಿಲ್ಲ. ನಿನ್ನ ಪೆಟ್ಟಿಗೆ ಬಂದಿದ್ದು ಜೂನ್ ತಿಂಗಳಲ್ಲಿ.

ಯಾರ ಕೋಲು ಅಂತ ನನಗೆ ಗೊತ್ತು. ಬಾಗಿಲ ಪಕ್ಕ ಮೊದಲನೇ ಜಾಗ ಯಾವಾಗಲೂ ಕಾಳಿಯಮ್ಮಂದು, ಅವಳಿಗೆ ಮೊಣಕಾಲು ನೋವು, ದೂರ ನಡೆಯಲ್ಲ. ನಿನ್ನ ಕಾಗದ ಓದಿ ಹೇಳಿದಾಗ ಅವಳೇ ನನ್ನ ಮುಖ ನೋಡಿದ್ಲು. ಅವಳಿಗೆ ಅರವತ್ತು. ತೆಗೆದು ಹಾಕಿದ್ರೆ ಬೇರೆ ಯಾವ ತೋಟದಲ್ಲೂ ಸೇರಿಸಿಕೊಳ್ಳಲ್ಲ. ನನಗೆ ತೋಟದಲ್ಲಿ ಕೋಲಿಲ್ಲ ಅಂದಾಗ ಕೇಳದೇನೇ ಕೊಟ್ಟವಳು.

ಗೊತ್ತಿಲ್ಲ ಸಾರ್ ಅಂದೆ. ಯೋಚನೆ ಮಾಡಿ ಹೇಳು, ತಿಂಗಳ ಕೊನೇವರೆಗೂ ಟೈಮ್ ಇದೆ, ಆಮೇಲೆ ಆ ಜಾಗ ಭೋಜನ್ ತಮ್ಮನಿಗೆ ಖಾಯಂ ಅಂದ್ರು. ನನ್ನ ಜಾಗಾನ ನನಗೇ ಎಲುಬಿನ ತುಂಡಿನ ಹಾಗೆ ತೋರಿಸ್ತಾ ಇದಾರೆ.

ಟ್ರಫ್ ನನಗೆ ಬೇಕು, ಇಲ್ಲ ಅನ್ನಲ್ಲ. ಈ ರೀತೀಲಿ ಬೇಡ. ಇದಕ್ಕೆ ಏನಾದ್ರೂ ದಾರಿ ಇದ್ರೆ ನಿನ್ನ ಓದಿದ ತಲೇಲಿ ಹುಡುಕು.

ಕಮಲಂ

*

ಕೊಯಮತ್ತೂರು
27 ಆಗಸ್ಟ್ 2002

ಅತ್ತೆ,

ಒಳ್ಳೆಯದಕ್ಕೆಂದು ಬರೆದ ಮಾತು ಹೀಗಾಯಿತು. ಅವರು ಹೀಗೆ ಕೇಳಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ನನಗೆ ಗೊತ್ತಿರುವುದು ಇಷ್ಟೇ. ಯಾರ ಕೋಲಾದರೂ ಅಷ್ಟೇ. ಮೊದಲನೆಯ ಜಾಗದ ಕೋಲು ಎಂದೇನಿಲ್ಲ, ಹೊಸ ಕೋಲು ಹಳೆಯ ಕೋಲು ಎಂದೇನಿಲ್ಲ, ಮ್ಯಾನೇಜರ್ ಅವರ ಛತ್ರಿ ಒರಗಿಸಿದರೂ ಆ ಚಿಪ್ ಓಡುತ್ತಲೇ ಇರುತ್ತದೆ. ಇವತ್ತಲ್ಲದಿದ್ದರೆ ನಾಳೆ ಯಾರದೋ ಕೋಲಿನಿಂದ ಆಗಿಯೇ ಆಗುತ್ತಿತ್ತು.

ಕೆಪಾಸಿಟರ್, ರೆಸಿಸ್ಟರ್ ಎರಡೂ ನನ್ನ ಹತ್ತಿರ ಇವೆ. ಬಂದು ಹಾಕಿಕೊಡುತ್ತೇನೆ, ಅರ್ಧ ಗಂಟೆಯ ಕೆಲಸ. ಆದರೆ ಅದಕ್ಕೆ ಮೊದಲು ಎಲ್ಲರೂ ಪೆಟ್ಟಿಗೆಯನ್ನು ಈಗಿರುವ ಹಾಗೆಯೇ ನೋಡಬೇಕು ಅನ್ನಿಸುತ್ತದೆ. ಸರಿಪಡಿಸಿಬಿಟ್ಟರೆ ಮತ್ತೆ ಯಾರೂ ನಂಬುವುದಿಲ್ಲ. ನಾನೇ ಬಂದು ತೋರಿಸಲಾ?

ಜೀವಿತಾ

*

ಗೂಡಲೂರು
6 ಸೆಪ್ಟೆಂಬರ್ 2002

ಜೀವಿತಾ,

ನೀನು ಬರೋದು ಬೇಕಾಗಲಿಲ್ಲ. ನಾವೇ ತೋರಿಸಿದ್ವಿ.

ನಿನ್ನ ಕಾಗದ ಬಂದ ಸಾಯಂಕಾಲ ಜಗುಲೀಲಿ ಎಲ್ಲರಿಗೂ ಓದಿ ಹೇಳಿದೆ. ಯಾರ ಕೋಲಾದರೂ ಅಷ್ಟೇ ಅನ್ನೋ ಸಾಲನ್ನ ಕಾಳಿಯಮ್ಮ ಎರಡು ಸಲ ಓದಿಸಿದ್ಲು. ಆಮೇಲೆ ಯಾರು ಶುರು ಮಾಡಿದ್ರು ಅಂತ ನನಗೂ ಗೊತ್ತಿಲ್ಲ, ಗೊತ್ತಿದ್ರೂ ಹೇಳಲ್ಲ, ಈಗ ನನಗೆ ಅದು ಅಭ್ಯಾಸ ಆಗಿದೆ.

ಆಗಸ್ಟ್ ಮೂವತ್ತೊಂದು, ಶನಿವಾರ, ನನಗೆ ಕೊಟ್ಟ ಟೈಮಿನ ಕೊನೇ ದಿನ. ಮ್ಯಾನೇಜರ್ ತೂಕದ ಹತ್ರ ಬಂದು ಎಲ್ಲರ ಮುಂದೇನೇ, ಏನು ಕಮಲಂ, ನೆನಪಾಯ್ತಾ ಅಂದ್ರು. ಆಯ್ತು ಸಾರ್, ತೋರಿಸ್ತೀನಿ ಬನ್ನಿ ಅಂದೆ. ಆವತ್ತು ಮುಂದಿನ ಟ್ರಫ್ ಖಾಲಿ ಇತ್ತು, ನೋಡ್ಕೊಂಡೇ ಹೇಳಿದ್ದು.

ಗೋಡೆ ಹತ್ರ ಕರ್ಕೊಂಡು ಹೋದೆ. ಮೊದಲು ನಾನು ನನ್ನ ಕೋಲು ಗುಂಡಿಗೆ ಒರಗಿಸಿ ಕೈ ಕಟ್ಟಿ ನಿಂತೆ. ದೀಪ ಹತ್ತಿತು. ಗೋಡೆ ಗಡಿಯಾರದಲ್ಲಿ ಐದು ಗಂಟೆ ಹತ್ತು. ಐದೂ ಇಪ್ಪತ್ತಾಯ್ತು, ಆರಲಿಲ್ಲ. ಐದೂವರೆಗೂ ಆರಲಿಲ್ಲ. ನೋಟಿಸ್ ಬೋರ್ಡಿನ ಕಾಗದದಲ್ಲಿ ಗೆರೆ ಯಾವಾಗಲೋ ಬಿದ್ದಾಗಿದೆ, ಇಲ್ಲಿ ಗಾಳಿ ಬುಸುಬುಸು ಅಂತಾನೇ ಇದೆ. ಇದು ನನ್ನ ಕೋಲು ಸಾರ್ ಅಂದು ತೆಗೆದೆ. ಆರಿತು. ಕೈ ಕೆಳಗಿಳಿಸೋದ್ರೊಳಗೆ ಈಶ್ವರಿ ಬಂದು ತನ್ನದು ಒರಗಿಸಿದ್ಲು. ಮತ್ತೆ ಹತ್ತಿತು. ಇದು ನನ್ನದು ಸಾರ್. ಆಮೇಲೆ ಸೆಲ್ವಿ, ಆಮೇಲೆ ಮಲ್ಲಿ. ಒಬ್ಬೊಬ್ಬರೂ ಬರೋದು, ಒರಗಿಸೋದು, ಹದಿನೈದು ನಿಮಿಷ ಸುಮ್ಮನೆ ನಿಲ್ಲೋದು, ತೆಗೆಯೋದು. ಲಾರಿ ಬಂದು ಹಾರ್ನ್ ಹೊಡೀತು, ಒಬ್ಬಳೂ ಹತ್ತಲಿಲ್ಲ. ಡ್ರೈವರೂ ಇಳಿದು ಬಂದು ನೋಡ್ತಾ ನಿಂತ.

ಭೋಜನ್ ಇದೆಲ್ಲ ಏನು ನಾಟಕ ಅಂದ. ಮ್ಯಾನೇಜರ್ ಅವನನ್ನ ಸುಮ್ಮನಿರು ಅಂದ್ರು. ಅವರ ಮುಖ ಕೆಂಪಗಾಗಿತ್ತು. ಐದನೆಯವಳು ಕಾಳಿಯಮ್ಮ. ಕುಂಟ್ಕೊಂಡು ಬಂದು ಎಲ್ಲರ ಹಾಗೇ ಒರಗಿಸಿ, ಇದು ನನ್ನದು ಸಾರ್ ಅಂದ್ಲು. ಅವಳ ಕೋಲಿಗೂ ದೀಪ ಹದಿನೈದು ನಿಮಿಷ ಉರೀತು. ಅವಳ ಹಿಂದೆ ಇನ್ನೂ ಒಂಬತ್ತು ಜನ ಕೋಲು ಹಿಡಿದು ಸಾಲಲ್ಲಿ ನಿಂತಿದ್ರು. ಮ್ಯಾನೇಜರ್ ಆ ಸಾಲನ್ನ ಕೊನೇವರೆಗೂ ನೋಡಿದ್ರು, ಆಮೇಲೆ ತಾವೇ ಬಂದು ಕಾಳಿಯಮ್ಮನ ಕೋಲು ತೆಗೆದು ಅವಳ ಕೈಗೆ ಕೊಟ್ರು. ದೀಪ ಆರಿತು. ಸಾಕು, ಮನೆಗೆ ಹೋಗಿ ಅಂದ್ರು.

ಯಾರ ಕೋಲು ಅಂತ ಕೇಳಿದ್ರಲ್ಲ ಸಾರ್, ಇನ್ನೂ ಒಂಬತ್ತು ಇದೆ ಅಂದೆ. ಅವರು ತಿರುಗಿ ನೋಡದೆ ಹೋದರು.

ಸೋಮವಾರ ಬೆಳಿಗ್ಗೆ ನೋಟಿಸ್ ಬೋರ್ಡಲ್ಲಿ ಕಾಗದ ಇರಲಿಲ್ಲ. ಅಲ್ಲಿ ನಾಲ್ಕು ಗುಂಡುಪಿನ್ ಮಾತ್ರ ಇತ್ತು. ಮಂಗಳವಾರ ನನ್ನನ್ನ ಟ್ರಫ್‌ಗೆ ಕರೆದರು. ತಪ್ಪಾಯ್ತು ಅಂತ ಯಾರೂ ಅನ್ನಲಿಲ್ಲ, ಅವರ ಬಾಯಿಗೆ ಆ ಮಾತು ಬರಲ್ಲ. ನಾನೂ ಬಿಡಲಿಲ್ಲ. ಮೈನ್ ಬೀಗದ ಕೈ ಇನ್ನು ಮೇಲೆ ನನ್ನ ಹತ್ರ ಇರಬೇಕು, ಇಲ್ಲದಿದ್ರೆ ತೋಟದಲ್ಲೇ ಇರ್ತೀನಿ ಅಂದೆ. ಈಗ ಅದು ನನ್ನ ಸೊಂಟದಲ್ಲಿದೆ. ಭೋಜನ್ ಅದನ್ನ ಕೊಡೋವಾಗ ನನ್ನ ಮುಖ ನೋಡಲಿಲ್ಲ.

ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಚಿಪ್ ತಪ್ಪಿದ್ದಕ್ಕಲ್ಲ, ಅದು ಕಲಿಯೋ ಮಕ್ಕಳಿಗೆ ಆಗೋದೇ. ಕಂಪ್ಯೂಟರನ್ನ ನಲವತ್ತು ಸಲ ಕೇಳಿದೆ, ಈ ಗೋಡೆ ಹತ್ರ ನೀವು ಏನಿಡ್ತೀರಿ ಅತ್ತೆ ಅಂತ ನನ್ನನ್ನ ಒಂದು ಸಲ ಕೇಳಲಿಲ್ಲ. ಅದಕ್ಕೆ.

ರಿಪೇರಿಗೆ ಬಾ. ಹೆಂಗಸರು ಪೆಟ್ಟಿಗೇನ ಗೋಡೆಯಿಂದ ತೆಗೆಸಬೇಕು ಅಂತಿದ್ದಾರೆ, ಎಲ್ಲಿ ಇಡಬೇಕು ಅಂತ ಅವರೇ ತೋರಿಸ್ತಾರೆ, ನೀನು ಬರ್ಕೋ. ಅವತ್ತು ತಡೆದಿಟ್ಟ ಆಶೀರ್ವಾದ ಇದರ ಜೊತೆ ಕಳಿಸಿದೀನಿ, ತಗೋ. ಕೆಲಸದ ದಿನ ಬಾ, ಐದು ಗಂಟೆಗೆ, ಎಲ್ಲ ಕೋಲೂ ಗೋಡೆ ಮೇಲಿರೋವಾಗ. ಭಾನುವಾರ ಬಂದ್ರೆ ನಾನು ಬಾಗಿಲು ತೆಗೆಯಲ್ಲ.

ನಿನ್ನತ್ತೆ
ಕಮಲಂ